ಲಾಭವನ್ನು ಒಂದೇ ಗಂಟಿಗೆ ಕಟ್ಟಿದ ಮೇಲೆ ಕ್ಲೇಮ್ ಪತ್ರ ನಿಂತಿತು

ನಮ್ಮ ಸೇತುವೆ ಕೆಲಸಕ್ಕೆ ಡಿಸೈನರ್, ಗುತ್ತಿಗೆದಾರರನ್ನು ಮೊದಲೇ ಜೊತೆಗೆ ಕೂರಿಸಿ, ಲಾಭ-ನಷ್ಟ ಒಟ್ಟಿಗೆ ಹಂಚಿಕೊಳ್ಳುವ ಕರಾರು ಮಾಡುತ್ತೇವೆ ಎಂದಾಗ, "ಸರ್ಕಾರಿ ಕೆಲಸದಲ್ಲಿ ಇದೆಲ್ಲ ಆಗೋದಲ್ಲ ಬಿಡಿ" ಎಂದಿದ್ದರು ಆಡಿಟ್‌ನವರು. ಡ್ರಾಯಿಂಗೇ ಇಲ್ಲದೆ ಗುತ್ತಿಗೆದಾರರನ್ನು ಆರಿಸುವುದಾ ಎಂದು ನಕ್ಕಿದ್ದರು. ಹೋದ ತಿಂಗಳು ಆ ಸೇತುವೆಯ ಫೈನಲ್ ಬಿಲ್ ಮುಗಿಯಿತು. ಹೆಚ್ಚುವರಿ ದುಡ್ಡು ಕೇಳುವ ಕ್ಲೇಮ್ ಒಂದೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸೋತದ್ದನ್ನು ಮೊದಲು ಹೇಳಿಬಿಡುತ್ತೇನೆ. ಮೊದಲನೆಯದು ನೀರಿನ ಪೈಪ್‌ಲೈನ್. ಮಾಮೂಲಿ ಗುತ್ತಿಗೆಯೇ. ಜೊತೆಗೆ 'ನಾವೆಲ್ಲ ಒಂದೇ ತಂಡ' ಅಂತ ಒಂದು ಹಾಳೆಗೆ ಎಲ್ಲರೂ ಸಹಿ ಹಾಕಿ, ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದೆವು. ಬಂಡೆ ಸಿಕ್ಕ ದಿನ ಅದೇ ಫ್ರೇಮಿನ ಕೆಳಗೆ ಕೂತು ಗುತ್ತಿಗೆದಾರರು ಕ್ಲೇಮ್ ಪತ್ರ ಟೈಪ್ ಮಾಡಿದರು. ತಪ್ಪು ಅವರದಲ್ಲ. ಬಂಡೆ ಒಡೆಯುವ ದುಡ್ಡು ಹೋಗುತ್ತಿದ್ದದ್ದು ಅವರ ಜೇಬಿನಿಂದ, ನಮ್ಮದರಿಂದ ಅಲ್ವಲ್ಲ.

ಎರಡನೇ ಸಲ ಟಾರ್ಗೆಟ್ ಕಾಸ್ಟ್, ಅಂದರೆ ಮೊದಲೇ ಒಪ್ಪಿಕೊಂಡ ಒಟ್ಟು ಖರ್ಚಿನ ಗುರಿ. ಉಳಿದರೂ ಮೀರಿದರೂ ಅರ್ಧರ್ಧ. ಆದರೆ ಆತುರಕ್ಕೆ ಬಿದ್ದು, ಡಿಸೈನ್ ಕಾಲು ಭಾಗವೂ ಆಗದಿದ್ದಾಗಲೇ ಟಾರ್ಗೆಟ್ ಕಟ್ಟಿದೆವು. ಆಮೇಲೆ ವರ್ಷವಿಡೀ ಒಂದೇ ಜಗಳ: ಇದು ಟಾರ್ಗೆಟ್ಟಿನ ಒಳಗಿನದೋ, ಹೊರಗಿನದೋ? ಡಿಸೈನರ್ ಮಾತ್ರ ಬರೀ ಫೀಸ್ ಮೇಲಿದ್ದರು. ಕಬ್ಬಿಣ ಎಷ್ಟು ಹೋದರೆ ಅವರಿಗೇನು? ಸುಮಾರು 15 ಪರ್ಸೆಂಟ್ ಮೀರಿತು.

ಸೇತುವೆಗೆ ತಂಡ ನೋಡಿ ಆರಿಸಿದೆವು. ಓವರ್‌ಹೆಡ್ ಮತ್ತು ಲಾಭದ ಪರ್ಸೆಂಟ್ ಮಾತ್ರ ಕೋಟ್ ಮಾಡಿಸಿದೆವು. ಇಂಟರ್ವ್ಯೂನಲ್ಲಿ ಕೇಳಿದ ಒಂದು ಪ್ರಶ್ನೆ ತುಂಬ ಕೆಲಸ ಮಾಡಿತು. ಅದನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಟೆಂಡರ್‌ಗೆ ಬೇಕು. ಡಿಸೈನರ್, ಗುತ್ತಿಗೆದಾರ, ನೆಲದೊಳಗೆ ಅಡಿಪಾಯದ ಕಂಬ ಇಳಿಸುವ ಪೈಲಿಂಗ್‌ನವರು ಏಳೆಂಟು ತಿಂಗಳು ನಮ್ಮ ಜೊತೆಗೇ ಕೂತರು. ಡಿಸೈನ್ 70 ಪರ್ಸೆಂಟ್ ದಾಟಿದ ಮೇಲೆ ಟಾರ್ಗೆಟ್. ಹೊರಗಿನ ಎಸ್ಟಿಮೇಟರ್ ಒಬ್ಬರು ಬೇರೆಯಾಗಿ ಲೆಕ್ಕ ಹಾಕಿದರು. ಆಡಿಟ್‌ನವರು ಸುಮ್ಮನಾದದ್ದು ಅದನ್ನು ನೋಡಿಯೇ. ಆದ ಖರ್ಚು ಆದಷ್ಟು ಕೊಡುವುದು, ಮೂವರ ಲಾಭವೂ ಒಂದೇ ಗಂಟಿನಲ್ಲಿ. ಮೀರಿದರೆ ಮೊದಲು ಕರಗುವುದು ಆ ಗಂಟು. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಟರ್ಮಿನಲ್ 5 ಕಟ್ಟುವಾಗ ಮಾಲೀಕರಾದ ಬಿಎಎ ಕಂಪನಿಯವರು ರಿಸ್ಕನ್ನು ತಾವೇ ಹೊತ್ತು ಎಲ್ಲರಿಗೂ ಸೇರಿಸಿ ಒಂದೇ ವಿಮೆ ಮಾಡಿಸಿದ್ದರು. ಅಷ್ಟು ಧೈರ್ಯ ನಮಗಿರಲಿಲ್ಲ, ವಿಮೆಯ ಐಡಿಯಾ ಮಾತ್ರ ಎತ್ತಿಕೊಂಡೆವು.

ಒಂದು ದಿನ ಪೈಲಿಂಗ್ ಮೇಸ್ತ್ರಿ ಡ್ರಾಯಿಂಗ್ ಮೇಲೆ ಬೆರಳಿಟ್ಟು, "ಸಾರ್, ಈ ಮೂಲೆಯಲ್ಲಿ ಕೊರೆಯುವ ರಿಗ್ ಎಲ್ಲಿ ನಿಲ್ಲಿಸಲಿ? ಮೇಲೆ ಕರೆಂಟ್ ಲೈನ್ ಇದೆ" ಎಂದರು. ಡಿಸೈನರ್ ಪೆನ್ಸಿಲ್ ತೆಗೆದರು. 1.2 ಮೀಟರ್ ವ್ಯಾಸದ ಆರು ಪೈಲ್ ಬದಲು 1.5 ಮೀಟರ್ ವ್ಯಾಸದ ನಾಲ್ಕು. ಬಂಡೆಯ ಮೇಲೆ ಕೂರುವ ಪೈಲ್‌ಗಳು, ಲೆಕ್ಕ ಕೂಡಿತು. ಆ ವಾರದಲ್ಲೇ ಚೆಕ್ ಮಾಡಿ ಮುಗಿಸಿದರು. ಹಳೇ ಪದ್ಧತಿಯಲ್ಲಾಗಿದ್ದರೆ ಕೆಲಸ ಶುರುವಾದ ಮೇಲೆ ಗೊತ್ತಾಗಿ, ಆರ್‌ಎಫ್‌ಐ (ವಿವರಣೆ ಕೇಳುವ ಪತ್ರ), ವೇರಿಯೇಷನ್ (ಕೆಲಸ ಬದಲಾವಣೆಯ ಆದೇಶ) ಅಂತ ತಿಂಗಳುಗಟ್ಟಲೆ ಎಳೆಯುತ್ತಿತ್ತು.

ಇಲ್ಲೂ ಒಂದು ಎಡವಟ್ಟಾಯಿತು. ಕ್ರೇನ್ ಗುತ್ತಿಗೆದಾರರ ಸ್ವಂತದ್ದು. ಖರ್ಚಿನ ಲೆಕ್ಕವೆಲ್ಲ ನಮಗೆ ತೆರೆದಿಡುವ ಓಪನ್ ಬುಕ್ ಅಂದರೂ, ಸ್ವಂತ ಯಂತ್ರಕ್ಕೆ ಬಾಡಿಗೆ ಎಷ್ಟು ಹಿಡಿಯಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಎರಡು ತಿಂಗಳು ಎಳೆದಾಟ. ಈ ದರಗಳನ್ನು ಸಹಿಗೆ ಮುಂಚೆಯೇ ಪಟ್ಟಿ ಮಾಡಿಕೊಳ್ಳಿ.

ನಡುವೆ ಸುಮ್ನೆ ಲಾಸ್ಟ್ ಪ್ಲಾನರ್ (ಕೆಲಸ ಮಾಡಿಸುವವರೇ ವಾರದ ಕೆಲಸ ಒಪ್ಪಿಕೊಂಡು ಬರೆಯುವ ಪದ್ಧತಿ) ಚೀಟಿಗಳನ್ನೂ ಗೋಡೆಗೆ ಅಂಟಿಸಿ ನೋಡಿದೆವು. ವಾರಕ್ಕೆ ಒಪ್ಪಿಕೊಂಡ ಕೆಲಸದಲ್ಲಿ ಮುಗಿಯುತ್ತಿದ್ದದ್ದು ಶುರುವಿಗೆ ಅರ್ಧ, ಆಮೇಲೆ ಮುಕ್ಕಾಲು. ಅದನ್ನೇ ಕಂಪ್ಯೂಟರಿಗೆ ಹಾಕಿದಾಗ ಮೇಸ್ತ್ರಿಗಳು ನೋಡುವುದನ್ನೇ ಬಿಟ್ಟರು. ಮತ್ತೆ ಚೀಟಿ.

ಕೊನೆಗೆ ಟಾರ್ಗೆಟ್ಟಿಗಿಂತ 6 ಪರ್ಸೆಂಟ್‌ನಷ್ಟು ಉಳಿಯಿತು. ಅದರಲ್ಲಿ ಅರ್ಧ ಆ ಮೂವರಿಗೆ. ಆ ಚೆಕ್ಕಿಗೆ ಸಹಿ ಹಾಕುವ ಮುಂಚೆ ನಮ್ಮ ಅಕೌಂಟ್ಸ್‌ನವರು ಕರಾರನ್ನು ಮೂರು ಸಲ ಓದಿದರು. ಉಳಿಸಿದ್ದಕ್ಕೆ ಗುತ್ತಿಗೆದಾರರಿಗೆ ದುಡ್ಡು ಕೊಡುವುದನ್ನು ಅವರು ಕಂಡದ್ದು ಅದೇ ಮೊದಲು.