ಏರೋಸ್ಪೇಸ್ ಪದವಿ, ನಡುವೆ ಒಂದು ವರ್ಷ ಕೆಲಸ: ಹುಬ್ಬಳ್ಳಿ-ಧಾರವಾಡದ ಪಿಯು ವಿದ್ಯಾರ್ಥಿಗಳಿಗೆ

ಬ್ರಿಟನ್ನಿನ ಬಾತ್, ಲಫ್‌ಬರೋ, ಸರ್ರೆ, ಹಾರ್ಟ್‌ಫರ್ಡ್‌ಶೈರ್‌ನಂಥ ವಿಶ್ವವಿದ್ಯಾಲಯಗಳಲ್ಲಿ ವಿಮಾನ ಎಂಜಿನಿಯರಿಂಗ್ ಓದುತ್ತಲೇ ಒಂದು ವರ್ಷ ಕಂಪನಿಯಲ್ಲಿ ಸಂಬಳಕ್ಕೆ ದುಡಿಯುವ ಅವಕಾಶವಿದೆ. ಎರಡನೇ ವರ್ಷ ಮುಗಿದ ಮೇಲೆ, ಎಂ.ಇಂಗ್ (ಪಿಯು ಮುಗಿಸಿಯೇ ಸೇರಬಹುದಾದ, ಸ್ನಾತಕ-ಸ್ನಾತಕೋತ್ತರ ಎರಡೂ ಸೇರಿದ ಪದವಿ) ಆದರೆ ಕೆಲವೊಮ್ಮೆ ಮೂರನೇ ವರ್ಷದ ಮೇಲೆ, 9ರಿಂದ 12 ತಿಂಗಳು ಕೆಲಸ. ಹಾಗಾಗಿ ಮೂರು ವರ್ಷದ ಬಿ.ಇಂಗ್ ನಾಲ್ಕಾಗುತ್ತದೆ, ನಾಲ್ಕು ವರ್ಷದ ಎಂ.ಇಂಗ್ ಐದಾಗುತ್ತದೆ. ಆದರೆ ಕೋರ್ಸಿನ ಹೆಸರಿನಲ್ಲೇ ಪ್ಲೇಸ್‌ಮೆಂಟ್, ಅಂದರೆ ಈ ಕೆಲಸದ ವರ್ಷ, ಇದ್ದರೂ ಕೆಲಸ ಹುಡುಕಿಕೊಳ್ಳುವವರು ನೀವೇ. ವಿಶ್ವವಿದ್ಯಾಲಯ ಸಿವಿ ತಿದ್ದಿಕೊಡುತ್ತದೆ, ಜಾಹೀರಾತು ತೋರಿಸುತ್ತದೆ, ಅಷ್ಟೇ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಈ ಕ್ಷೇತ್ರದ ಒಂದಿಷ್ಟು ಬಾಗಿಲು ಮೊದಲೇ ಮುಚ್ಚಿರುತ್ತವೆ. ಇದನ್ನು ಅರ್ಜಿ ಹಾಕುವ ಮುಂಚೆಯೇ ಲೆಕ್ಕಕ್ಕೆ ತೆಗೆದುಕೊಂಡವರಿಗೆ ಮಾತ್ರ ಆ ವರ್ಷ ದಕ್ಕುತ್ತದೆ.

ಪಿಯುಸಿ ಹಂತದಲ್ಲಿ

ವಿಶ್ವವಿದ್ಯಾಲಯಗಳು ಮುಖ್ಯವಾಗಿ ನೋಡುವುದು ಗಣಿತ ಮತ್ತು ಭೌತಶಾಸ್ತ್ರದ ಅಂಕ. ರಾಜ್ಯ ಬೋರ್ಡಿನವರಿಗೆ ಸಿಬಿಎಸ್‌ಇಗಿಂತ ಹೆಚ್ಚು ಶೇಕಡಾವಾರು ಕೇಳುವ ವಿಶ್ವವಿದ್ಯಾಲಯಗಳು ಸಾಕಷ್ಟಿವೆ. ಕೆಲವು ಕಡೆ ಪಿಯುಸಿ ಸಾಲದು, ಫೌಂಡೇಶನ್ ವರ್ಷ (ಪದವಿಗೆ ಮುಂಚಿನ ತಯಾರಿಯ ವರ್ಷ) ಮಾಡಿ ಬನ್ನಿ ಎನ್ನುತ್ತಾರೆ. ಏಜೆಂಟರ ಮಾತು ನಂಬುವ ಮೊದಲು ಆಯಾ ವಿಶ್ವವಿದ್ಯಾಲಯದ ಭಾರತ ಪುಟದಲ್ಲಿ ಕರ್ನಾಟಕ ಬೋರ್ಡಿನ ಬಗ್ಗೆ ಏನಿದೆ ನೋಡಿ. ಇಲ್ಲದಿದ್ದರೆ ಅಡ್ಮಿಶನ್ಸ್ ಕಚೇರಿಗೆ ಇಮೇಲ್ ಹಾಕಿ ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಅರ್ಜಿ ಯುಕಾಸ್ ಮೂಲಕ, ಅಂದರೆ ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆಲ್ಲ ಸೇರಿದ ಅರ್ಜಿ ವ್ಯವಸ್ಥೆಯ ಮೂಲಕ: ಒಂದೇ ಫಾರ್ಮ್, ಐದು ಆಯ್ಕೆ, ಕೊನೆಯ ದಿನ ಸಾಮಾನ್ಯವಾಗಿ ಜನವರಿ ಮಧ್ಯಕ್ಕೆ. ಅಂದರೆ ದ್ವಿತೀಯ ಪಿಯು ವಾರ್ಷಿಕ ಪರೀಕ್ಷೆಗೂ ಮುಂಚೆ. ಇಲ್ಲೇ ನಮ್ಮ ಕಡೆಯವರು ಸಿಕ್ಕಿಬೀಳುತ್ತಾರೆ: ಫಾರ್ಮಿಗೆ ಉಪನ್ಯಾಸಕರೊಬ್ಬರ ಶಿಫಾರಸು ಮತ್ತು ನಿರೀಕ್ಷಿತ ಅಂಕ ಬೇಕು, ಧಾರವಾಡವಿರಲಿ ಗದಗವಿರಲಿ ಬಹಳಷ್ಟು ಪಿಯು ಕಾಲೇಜುಗಳಿಗೆ ಇದರ ರೂಢಿಯಿಲ್ಲ. ನವೆಂಬರಿನಲ್ಲೇ ಭೌತಶಾಸ್ತ್ರ ಅಥವಾ ಗಣಿತದ ಸರ್ ಹತ್ತಿರ ಹೋಗಿ, ಪ್ರಥಮ ಪಿಯು ಮತ್ತು ಮಧ್ಯವಾರ್ಷಿಕದ ಅಂಕಪಟ್ಟಿ ಕೈಗಿಟ್ಟು, ಏನು ಬರೆಯಬೇಕೆಂದು ವಿವರಿಸಿ. ಶಿಫಾರಸು ಕಾಲೇಜಿನ ಅಧಿಕೃತ ಇಮೇಲಿನಿಂದ ಹೋಗಲಿ. ಜಿಮೇಲ್ ವಿಳಾಸದಿಂದ ಬಂದರೆ ಅನುಮಾನ, ವಿಳಂಬ ಎರಡೂ.

2026ರ ಪ್ರವೇಶದಿಂದ ಫಾರ್ಮಿನಲ್ಲಿ ಸ್ವವಿವರ ಪ್ರಬಂಧದ ಬದಲು ಮೂರು ಪ್ರಶ್ನೆಗಳಿವೆ, ಒಟ್ಟು 4,000 ಅಕ್ಷರ. 'ಚಿಕ್ಕಂದಿನಿಂದ ವಿಮಾನ ಎಂದರೆ ಪ್ರಾಣ' ಎಂಬ ಸಾಲು ಎಲ್ಲರದ್ದೂ ಆಗಿರುತ್ತದೆ. ಥರ್ಮಾಕೋಲಿನ ಗ್ಲೈಡರ್ ಮಾಡಿದ್ದರೆ ಅದರ ಗುರುತ್ವ ಕೇಂದ್ರ ಹಿಂದಕ್ಕೆ ಸರಿದಾಗ ಮೂಗು ಏಕೆ ಮೇಲೆದ್ದಿತು, ಎಷ್ಟು ಗ್ರಾಂ ಮುಂದೆ ಅಂಟಿಸಿದಿರಿ ಎಂಬುದನ್ನು ಬರೆಯಿರಿ.

ಬಿ.ಇಂಗ್ ಬೇಕೋ ಎಂ.ಇಂಗ್ ಬೇಕೋ ಎನ್ನುವಲ್ಲಿ ಒಂದು ತೊಡಕಿದೆ. ಏರೋಸ್ಪೇಸ್ ಎಂ.ಇಂಗ್‌ಗೆ ಭಾರತೀಯರು ಎಟಿಎಎಸ್ ಎಂಬ ಪ್ರಮಾಣಪತ್ರ ತರಬೇಕು. ಅದು ಬ್ರಿಟಿಷ್ ವಿದೇಶಾಂಗ ಇಲಾಖೆಯ ಭದ್ರತಾ ತಪಾಸಣೆ, ಶುಲ್ಕವಿಲ್ಲ, ಆದರೆ ಕೈಸೇರಲು ವಾರಗಟ್ಟಲೆ ಬೇಕು. ಅದಿಲ್ಲದೆ ವೀಸಾ ಅರ್ಜಿ ಮುಂದೆ ಹೋಗದು. ಬಿ.ಇಂಗ್‌ಗೆ ಈ ತಾಪತ್ರಯವಿಲ್ಲ. ಆದರೆ ನಡುವೆ ಎಂ.ಇಂಗ್‌ಗೆ ಬದಲಾಯಿಸಿದರೆ ಆಗ ಬೇಕಾಗುತ್ತದೆ. ಚಾರ್ಟರ್ಡ್ ಎಂಜಿನಿಯರ್ (ವೃತ್ತಿ ಸಂಸ್ಥೆಯ ಮಾನ್ಯತೆ ಪಡೆದ ಎಂಜಿನಿಯರ್) ಆಗುವ ಗುರಿ ಇದ್ದರೆ ಎಂ.ಇಂಗ್ ನೇರ ದಾರಿ.

ವೀಸಾ ಮತ್ತು ಸಾಲ

ಕೆಲಸದ ವರ್ಷ ಮೊದಲಿನಿಂದಲೇ ಕ್ಯಾಸ್ ಪತ್ರದಲ್ಲಿ, ಅಂದರೆ ವಿಶ್ವವಿದ್ಯಾಲಯ ವೀಸಾಕ್ಕೆಂದು ಕೊಡುವ ದಾಖಲೆಯಲ್ಲಿ, ಸೇರಿರಬೇಕು. ಮೂರು ವರ್ಷಕ್ಕೆ ವೀಸಾ ತೆಗೆದುಕೊಂಡು ಆಮೇಲೆ ಸೇರಿಸಿಕೊಂಡರಾಯಿತು ಎಂದರೆ ಮತ್ತೆ ಕ್ಯಾಸ್, ಮತ್ತೆ ವೀಸಾ ಶುಲ್ಕ, ಮತ್ತೆ ಆರೋಗ್ಯ ಸರ್‌ಚಾರ್ಜ್ (ಅಲ್ಲಿನ ಸರ್ಕಾರಿ ವೈದ್ಯ ಸೇವೆಗೆಂದು ಕಟ್ಟುವ ಹಣ). ಈ ಸರ್‌ಚಾರ್ಜ್ ವಿದ್ಯಾರ್ಥಿಗಳಿಗೆ 2024ರಿಂದ ವರ್ಷಕ್ಕೆ 776 ಪೌಂಡ್, ಇಡೀ ಅವಧಿಯದ್ದನ್ನು ಒಮ್ಮೆಲೇ ಕಟ್ಟಬೇಕು. ಪ್ಲೇಸ್‌ಮೆಂಟ್ ಸಿಗದಿದ್ದರೆ ನಿಮ್ಮನ್ನು ಮಾಮೂಲಿ ಕೋರ್ಸಿಗೆ ವರ್ಗಾಯಿಸುತ್ತಾರೆ, ಅದನ್ನು ವೀಸಾ ಇಲಾಖೆಗೂ ತಿಳಿಸುತ್ತಾರೆ. ವೀಸಾದ ಕೊನೆಯ ದಿನಾಂಕ ಹಿಂದಕ್ಕೆ ಬರುತ್ತದೆ.

ಪಾಸ್‌ಪೋರ್ಟಿಗೆ ಹುಬ್ಬಳ್ಳಿಯಲ್ಲೇ ಸೇವಾ ಕೇಂದ್ರವಿದೆ. ಕ್ಷಯ ತಪಾಸಣೆ ಮತ್ತು ವೀಸಾ ಬೆರಳಚ್ಚಿಗೆ ಬೆಂಗಳೂರಿನಂಥ ನಗರಕ್ಕೆ ಹೋಗಬೇಕು. ತಪಾಸಣೆಯ ಪ್ರಮಾಣಪತ್ರ ಆರು ತಿಂಗಳು ಮಾತ್ರ ಊರ್ಜಿತ, ತೀರಾ ಮುಂಚೆ ಮಾಡಿಸಬೇಡಿ.

ಬ್ಯಾಂಕಿನ ಶಿಕ್ಷಣ ಸಾಲದ ಪತ್ರದಲ್ಲಿ, ಬಿ.ಇಂಗ್ ಆದರೆ, ಕೋರ್ಸಿನ ಅವಧಿ ನಾಲ್ಕು ವರ್ಷ ಎಂದೇ ಬರೆಸಿ. ಕಂತು ಶುರುವಾಗುವುದು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷಕ್ಕೆ. ಪತ್ರದಲ್ಲಿ ಮೂರು ಎಂದಿದ್ದರೆ ನೀವಿನ್ನೂ ಕೊನೆಯ ವರ್ಷದ ಪ್ರಾಜೆಕ್ಟ್ ಮುಗಿಸುವ ಹೊತ್ತಿಗೇ ಕಂತು ಬಾಗಿಲಿಗೆ ಬಂದಿರುತ್ತದೆ. ಕೆಲಸದ ವರ್ಷಕ್ಕೂ ಶುಲ್ಕವಿದೆ, ಪೂರ್ತಿ ಅಲ್ಲ, ಒಂದು ಭಾಗ. ಎಷ್ಟೆಂದು ಪ್ರವೇಶಕ್ಕೆ ಮುಂಚೆಯೇ ಕೇಳಿ.

ಕೆಲಸ ಹುಡುಕುವುದು

ಮೊದಲ ವರ್ಷದ ಅಂಕ ಪದವಿಯ ಲೆಕ್ಕಕ್ಕೆ ಬರುವುದಿಲ್ಲ, ಪಾಸಾದರೆ ಸಾಕು ಎಂದು ಸೀನಿಯರ್‌ಗಳು ಹೇಳುತ್ತಾರೆ. ಬಹಳ ಕಡೆ ಅದು ನಿಜ. ಆದರೆ ಕಂಪನಿಗಳು ಅರ್ಜಿ ತೆರೆಯುವುದು ಎರಡನೇ ವರ್ಷದ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಆಗ ನಿಮ್ಮ ಕೈಯಲ್ಲಿರುವುದು ಮೊದಲ ವರ್ಷದ ಅಂಕ ಮಾತ್ರ. ಶೇಕಡಾ 60ಕ್ಕಿಂತ ಕೆಳಗಿದ್ದರೆ ದೊಡ್ಡ ಕಂಪನಿಗಳ ಜರಡಿಯಲ್ಲೇ ಉದುರಿಹೋಗುವ ಸಾಧ್ಯತೆ ಹೆಚ್ಚು. ಅಲ್ಲಿ 70 ಎಂದರೆ ಫಸ್ಟ್ ಕ್ಲಾಸ್, ಇಲ್ಲಿನ 70 ಅಲ್ಲ.

ಮುಚ್ಚಿದ ಬಾಗಿಲುಗಳು ರಕ್ಷಣಾ ವಲಯದವು. ಯುದ್ಧವಿಮಾನ, ಕ್ಷಿಪಣಿ, ಸೇನಾ ಎಂಜಿನ್‌ಗಳ ಕೆಲಸಕ್ಕೆ ಭದ್ರತಾ ಅನುಮತಿ ಬೇಕು. ಅದಕ್ಕೆ ಸಾಮಾನ್ಯವಾಗಿ ಐದು ವರ್ಷ ಬ್ರಿಟನ್ನಿನಲ್ಲಿ ನೆಲೆಸಿರಬೇಕು, ಕೆಲವಕ್ಕೆ ಅಲ್ಲಿನ ಪೌರತ್ವವೇ ಬೇಕು. ಅಮೆರಿಕದ ರಫ್ತು ನಿಯಮಗಳಡಿ ಬರುವ ಬಿಡಿಭಾಗಗಳ ನಕ್ಷೆಯನ್ನೂ ನಿಮಗೆ ತೋರಿಸುವಂತಿಲ್ಲ. ಅಂಥ ಅರ್ಜಿಗಳಿಗೆ ಸಂಜೆ ಕಳೆಯಬೇಡಿ. ನಾಗರಿಕ ವಿಮಾನದ ರೆಕ್ಕೆ ಮತ್ತು ಎಂಜಿನ್, ವಿಮಾನ ನಿರ್ವಹಣೆ, ಕಾಂಪೋಸಿಟ್ (ಕಾರ್ಬನ್ ನಾರಿನಂಥ ಮಿಶ್ರ ವಸ್ತು), ಗಾಳಿಯಂತ್ರದ ಬ್ಲೇಡು, ಸಿಎಫ್‌ಡಿ (ಗಾಳಿಯ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ) ಸಾಫ್ಟ್‌ವೇರ್, ರೇಸ್ ಕಾರಿನ ಏರೋಡೈನಮಿಕ್ಸ್: ಇವುಗಳಲ್ಲಿ ಹುಡುಕಿ. ಇಲ್ಲೂ ಪ್ರತಿ ಜಾಹೀರಾತಿನಲ್ಲಿ ಭದ್ರತೆಯ ಸಾಲು ಇದೆಯೇ ಎಂದು ಮೊದಲು ಓದಿ. ವಿಶ್ವವಿದ್ಯಾಲಯ ಒಪ್ಪಿದರೆ ಬೆಂಗಳೂರಿನ ಕಂಪನಿಯಲ್ಲೂ ಆ ವರ್ಷ ಕಳೆಯಬಹುದು. ಏರ್‌ಬಸ್, ಜಿಇ, ರೋಲ್ಸ್-ರಾಯ್ಸ್ ಎಲ್ಲವಕ್ಕೂ ಅಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ.

ಆನ್‌ಲೈನ್ ಫಾರ್ಮಿನಲ್ಲಿ 'ಕೆಲಸ ಮಾಡಲು ಸ್ಪಾನ್ಸರ್‌ಶಿಪ್ ಬೇಕೇ' (ಅಂದರೆ ಕಂಪನಿಯೇ ವೀಸಾಕ್ಕೆ ಹೊಣೆ ನಿಲ್ಲಬೇಕೇ) ಎಂಬ ಪ್ರಶ್ನೆಗೆ ಹೌದು ಎಂದು ಒತ್ತಿ ಅಲ್ಲೇ ಹೊರಬೀಳುವವರು ಬಹಳ. ಕೋರ್ಸಿನ ಭಾಗವಾದ ಪ್ಲೇಸ್‌ಮೆಂಟಿಗೆ ಸ್ಟೂಡೆಂಟ್ ವೀಸಾವೇ ಸಾಕು, ಪೂರ್ಣಾವಧಿ ಕೆಲಸಕ್ಕೂ ಅನುಮತಿ ಇದೆ, ಕಂಪನಿ ಸ್ಪಾನ್ಸರ್ ಮಾಡಬೇಕಿಲ್ಲ. ಪ್ರಶ್ನೆ ಆ ವರ್ಷಕ್ಕೆ ಸೀಮಿತವೋ ಮುಂದಕ್ಕೂ ಸೇರಿಸಿ ಕೇಳಿದ್ದಾರೋ ಎಂದು ಓದಿ ಸತ್ಯವನ್ನೇ ಬರೆಯಿರಿ. ಜೊತೆಗೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗದಿಂದ ಇದನ್ನು ಖಚಿತಪಡಿಸುವ ಪತ್ರ ತೆಗೆದಿಟ್ಟುಕೊಳ್ಳಿ. ಸಣ್ಣ ಕಂಪನಿಗಳ ಎಚ್‌ಆರ್‌ಗೂ ಈ ನಿಯಮ ಗೊತ್ತಿರುವುದಿಲ್ಲ.

ಸಿವಿ ಎರಡು ಪುಟ ಮೀರಬಾರದು. ನಮ್ಮ ಬಯೋಡಾಟಾದಂತೆ ಫೋಟೊ, ತಂದೆಯ ಹೆಸರು, ಜನ್ಮದಿನಾಂಕ ಹಾಕಬೇಡಿ. ಅದರಲ್ಲಿ ಬರೆಯಲು ಏನಾದರೂ ಇರಬೇಕಲ್ಲ, ಅದಕ್ಕೆ ಮೊದಲ ವರ್ಷದ ಬೇಸಿಗೆ ರಜೆಯೇ ಸರಿಯಾದ ಸಮಯ. ಅಲ್ಲಿನ ರಜೆ ಜೂನ್‌ನಿಂದ ಸೆಪ್ಟೆಂಬರ್, ಇಲ್ಲಿ ಮಳೆಗಾಲ. ಊರಿಗೆ ಬಂದವರು ಗೋಕುಲ ರೋಡ್, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶದ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ವರ್ಕ್‌ಶಾಪಿನಲ್ಲಿ ಆರು ವಾರ ನಿಂತರೂ ಸಾಕು: ಡ್ರಾಯಿಂಗ್ ಓದುವುದು, ಮೈಕ್ರೋಮೀಟರಿನಲ್ಲಿ ಅಳೆಯುವುದು, ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವಷ್ಟು ವ್ಯತ್ಯಾಸ) ಮೀರಿದ ಪೀಸು ಏಕೆ ರಿಜೆಕ್ಟ್ ಆಯಿತೆಂದು ಹುಡುಕುವುದು. ಹುಬ್ಬಳ್ಳಿಯ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಅಲ್ಪಾವಧಿ ಕೋರ್ಸ್ ನಡೆಯುತ್ತಿದೆಯೇ ವಿಚಾರಿಸಿ. ಬೆಳಗಾವಿ ಜಿಲ್ಲೆಯ ಹತ್ತರಗಿಯ ಏರೋಸ್ಪೇಸ್ ಎಸ್‌ಇಝಡ್‌ನಲ್ಲಿ (ವಿಶೇಷ ಆರ್ಥಿಕ ವಲಯ) ವಿಮಾನದ ಬಿಡಿಭಾಗಗಳೇ ತಯಾರಾಗುತ್ತವೆ. ಪರಿಚಯಸ್ಥರಿದ್ದರೆ ಅಲ್ಲಿ ಕೇಳಿ. 'ಅಲ್ಯೂಮಿನಿಯಂ ಬ್ರಾಕೆಟ್, ±0.05 ಮಿ.ಮೀ., ಕ್ಲ್ಯಾಂಪಿಂಗ್ ಬದಲಿಸಿದ್ದರಿಂದ ರಿಜೆಕ್ಷನ್ ಇಳಿಯಿತು' ಎಂಬಂಥ ಒಂದು ನಿಜವಾದ ಸಾಲು ಸಂದರ್ಶನದಲ್ಲಿ ಹತ್ತು ನಿಮಿಷದ ಮಾತಿಗೆ ದಾರಿ ಮಾಡಿಕೊಡುತ್ತದೆ.

ಅರ್ಜಿಯ ನಂತರ ಆನ್‌ಲೈನ್ ಗಣಿತ-ತರ್ಕ ಪರೀಕ್ಷೆ, ಆಮೇಲೆ ಎದುರಿಗೆ ಯಾರೂ ಇಲ್ಲದೆ ಕ್ಯಾಮೆರಾಕ್ಕೆ ಉತ್ತರಿಸುವ ವಿಡಿಯೊ ಸುತ್ತು, ಕೊನೆಗೆ ಗುಂಪು ಚಟುವಟಿಕೆ. ಕ್ಯಾಮೆರಾ ಸುತ್ತಿನಲ್ಲಿ ಅರ್ಧ ನಿಮಿಷ ಯೋಚಿಸಲು, ಎರಡು ನಿಮಿಷ ಮಾತನಾಡಲು ಸಿಕ್ಕರೆ ಹೆಚ್ಚು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಅಭ್ಯಾಸ ಮಾಡಿ.

ಇನ್ನೊಂದು ಗುಂಡಿ ಬಾಡಿಗೆ ಮನೆಯದ್ದು. ಎರಡನೇ ವರ್ಷದ ನವೆಂಬರ್ ಹೊತ್ತಿಗೆ ಗೆಳೆಯರೆಲ್ಲ ಮುಂದಿನ ವರ್ಷದ ಮನೆಗೆ ಕರಾರು ಹಾಕಲು ಕರೆಯುತ್ತಾರೆ. ಜಂಟಿ ಕರಾರಿಗೆ ಸಹಿ ಹಾಕಿ, ಮಾರ್ಚಿನಲ್ಲಿ ಡರ್ಬಿಯಲ್ಲೋ ಬ್ರಿಸ್ಟಲ್‌ನಲ್ಲೋ ಕೆಲಸ ಸಿಕ್ಕರೆ ಎರಡು ಊರಿನ ಬಾಡಿಗೆ ನಿಮ್ಮ ತಲೆಗೆ ಬೀಳಬಹುದು. ಕೆಲಸದ ವಿಷಯ ಇತ್ಯರ್ಥವಾಗುವ ತನಕ ಸಹಿ ಬೇಡ.

ಕೆಲಸದ ವರ್ಷದ ಕೊನೆಗೆ ವರದಿ ಒಪ್ಪಿಸಬೇಕು. ಕಂಪನಿಯ ನಕ್ಷೆ, ಫೋಟೊ, ಅಂಕಿಅಂಶ ಗೋಪ್ಯವಾಗಿರುತ್ತವೆ. ಕೆಲಸ ಬಿಟ್ಟ ಮೇಲೆ ಅನುಮತಿ ಕೇಳಿದರೆ ಉತ್ತರ ಬರುವುದು ಕಷ್ಟ. ಕೊನೆಯ ದಿನಕ್ಕೆ ಆರು ವಾರ ಮುಂಚೆ ಕರಡನ್ನು ಮ್ಯಾನೇಜರ್ ಕೈಗೆ ಕೊಟ್ಟು, ಯಾವುದನ್ನು ತೆಗೆಯಬೇಕೆಂದು ಇಮೇಲಿನಲ್ಲಿ ಬರೆಸಿಕೊಳ್ಳಿ.