ಸ್ಟಾಕ್ ವಿಡಿಯೋಗೆ ಏನು ಶೂಟ್ ಮಾಡೋದು? ಶಿಡ್ಲಘಟ್ಟದ ಮದುವೆ ಕ್ಯಾಮೆರಾದವನ ಅನುಭವ

ಆಷಾಢ ಬಂತು ಅಂದರೆ ನಮ್ಮ ಕೆಲಸ ನಿಂತ ಹಾಗೆ. ನಾನು ಶಿಡ್ಲಘಟ್ಟದಲ್ಲಿ ಮದುವೆ ವಿಡಿಯೋ ತೆಗೆಯುವವನು. ಆಷಾಢ, ಆಮೇಲೆ ಧನುರ್ಮಾಸ, ಈ ಎರಡು ತಿಂಗಳು ಕ್ಯಾಮೆರಾ ಬ್ಯಾಗಿನಲ್ಲೇ ಇರುತ್ತದೆ. ಅದರ ಕಂತು ಮಾತ್ರ ತಪ್ಪುವುದಿಲ್ಲ. ಹಾಗಾಗಿ ಸ್ಟಾಕ್ ವಿಡಿಯೋಗೆ ಕೈ ಹಾಕಿದೆ. ಸಣ್ಣ ಸಣ್ಣ ಕ್ಲಿಪ್ ತೆಗೆದು ಷಟರ್‌ಸ್ಟಾಕ್, ಅಡೋಬ್ ಸ್ಟಾಕ್ ತರಹದ ಸೈಟುಗಳಿಗೆ ಹಾಕುವುದು. ಜಾಹೀರಾತಿನವರೋ ಸಾಕ್ಷ್ಯಚಿತ್ರದವರೋ ಕೊಂಡರೆ ನಮಗೊಂದು ಪಾಲು. ಅಡೋಬ್‌ನಲ್ಲಿ ವಿಡಿಯೋಗೆ ಆ ಪಾಲು 35%.

ಮೊದಲು ಎಲ್ಲರ ಹಾಗೆ ನಂದಿ ಬೆಟ್ಟ ಹತ್ತಿದೆ. ಮೋಡ, ಸೂರ್ಯ, ಮತ್ತೆ ಮೋಡ. 40 ಕ್ಲಿಪ್ ಹಾಕಿದೆ, ಒಂದೂ ಹೋಗಲಿಲ್ಲ. ಆಮೇಲೆ ಅದೇ ಸೈಟಿನಲ್ಲಿ ಹುಡುಕಿದರೆ ಸೂರ್ಯೋದಯಗಳು ಪುಟಗಟ್ಟಲೆ ಬಿದ್ದಿವೆ, ನನ್ನವಕ್ಕಿಂತ ಚೆನ್ನಾಗಿಯೂ ಇವೆ. ಮೋಡದ ಮೇಲೆ ನಂದಿ ಅಂತ ಬರೆದಿರುತ್ತಾ?

ಮೊದಲು ಮಾರಾಟವಾದದ್ದು ಮಾವನ ತೋಟದ ಬೋರ್‌ವೆಲ್. ಕರೆಂಟ್ ಬಂತು ಅಂತ ಮಾವ ಸ್ಟಾರ್ಟರ್‌ನ ಹಸಿರು ಗುಂಡಿ ಒತ್ತಿದರು. ಪೈಪಿನಿಂದ ಮೊದಲು ಬರೀ ಗಾಳಿ. ಆಮೇಲೆ ಗೊರ್ ಅಂತ ಕೆಂಪು ನೀರು ಉಗುಳಿತು, ನಿಂತಿತು, ಮತ್ತೆ ಉಗುಳಿತು, ಕೊನೆಗೆ ಧಾರೆ ಹಿಡಿಯಿತು. 22 ಸೆಕೆಂಡ್. ಸುಮ್ನೆ ನಿಂತಿದ್ದಾಗ ತೆಗೆದದ್ದು. ಸಾವಿರ ಅಡಿ ಕೊರೆಸಿದರೂ ನೀರು ಬೀಳದ ಕಡೆಯವರು ನಾವು, ನಮಗೆ ಇದು ದಿನಾ ನೋಡುವ ಕಥೆ. ಎಲ್ಲೋ ಕೂತು ಅಂತರ್ಜಲದ ಬಗ್ಗೆ ವಿಡಿಯೋ ಮಾಡುವವನಿಗೆ ಆ ಉಗುಳಿ ನಿಲ್ಲುವ ಕ್ಷಣವೇ ಬೇಕಾಗಿತ್ತು.

ಅವತ್ತಿನಿಂದ ಕ್ಯಾಮೆರಾ ತೆಗೆಯುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಕೊಳ್ಳುವವನು ಸರ್ಚ್‌ನಲ್ಲಿ ಏನಂತ ಹೊಡೆಯುತ್ತಾನೆ? ಉತ್ತರ ಹೊಳೆಯದಿದ್ದರೆ ಕ್ಯಾಮೆರಾ ಹೊರಗೆ ಬರುವುದಿಲ್ಲ.

ನೀವೂ ಹೀಗೆ ಮಾಡಿ ನೋಡಿ. ನಿಮ್ಮೂರಿನ ಒಂದು ವಸ್ತು ತೆಗೆದುಕೊಂಡು ಸೈಟಿನಲ್ಲಿ ಹುಡುಕಿ. ನಾನು ರಾಗಿ ಹುಡುಕಿದೆ. ‘ಫಿಂಗರ್ ಮಿಲೆಟ್’ ಅಂತ ಹೊಡೆಯಬೇಕು, ‘ರಾಗಿ’ ಅಂತಲೂ ಹೊಡೆಯಬೇಕು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಘೋಷಿಸಿದ ಮೇಲೆ ಬಟ್ಟಲಿಗೆ ಕಾಳು ಸುರಿಯುವ ಕ್ಲಿಪ್‌ಗೆ ಬರವೇ ಇಲ್ಲ. ಹಿಟ್ಟಿನ ಕೋಲಲ್ಲಿ ಮುದ್ದೆ ತಿರುವುವುದು ಕಡಿಮೆ. ಸುಗ್ಗಿಯಲ್ಲಿ ನಮ್ಮವರು ತೆನೆಯನ್ನು ಡಾಂಬರು ರಸ್ತೆಗೇ ಹರಡುತ್ತಾರಲ್ಲ, ಬಸ್ಸು ಲಾರಿ ಹಾಯ್ದು ಒಕ್ಕಣೆ ಆಗುತ್ತದಲ್ಲ, ಅದು ಒಂದೂ ಸಿಗಲಿಲ್ಲ. ಕ್ಯಾಮೆರಾ ನೆಲಕ್ಕೇ ಇಟ್ಟು ಬರೀ ಚಕ್ರ ಮತ್ತು ಹಾರುವ ಹೊಟ್ಟು ತೆಗೆದೆ. ನಂಬರ್ ಪ್ಲೇಟು, ಕಂಪನಿ ಹೆಸರು ಫ್ರೇಮಿಗೆ ಬರಲಿಲ್ಲ, ತಲೆನೋವೂ ಇಲ್ಲ.

ಆದರೆ ನನ್ನ ನಿಜವಾದ ಗಣಿ ಮನೆಯಲ್ಲೇ ಇತ್ತು. ಅಮ್ಮ ರೇಷ್ಮೆ ಹುಳು ಸಾಕುತ್ತಾಳೆ. ಚಾಕಿ ಅಂದರೆ ಎಳೆ ಹುಳು, ಪ್ರತಿ ಜ್ವರ ಅಂದರೆ ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಮಲಗುವುದು, ಸೊಪ್ಪು ಕೊಡುವುದು, ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಡುವುದು, ಗೂಡು ಬಿಡಿಸುವುದು. ಒಂದು ಬೆಳೆಗೆ ಒಂದು ತಿಂಗಳು, ಒಂದು ತಿಂಗಳಿಗೆ ಇಪ್ಪತ್ತು ಐಡಿಯಾ. ಹುಳು ಗೂಡು ಕಟ್ಟುವುದನ್ನು ಟೈಮ್‌ಲ್ಯಾಪ್ಸ್ ಮಾಡೋಣ ಅಂತ ಒಂದು ಬದಿಗೆ ಲೈಟ್ ಇಟ್ಟೆ. ಅಮ್ಮ ಬಂದವಳೇ, "ಲೈಟ್ ಆರಿಸೋ, ಹುಳುವೆಲ್ಲ ಕತ್ತಲೆ ಕಡೆಗೆ ಸರೀತಾವೆ" ಅಂತ ಬೈದಳು. ಹೌದು, ಸರಿದಿದ್ದವು. ಕಿಟಕಿಗೆ ಬಿಳಿ ಪಂಚೆ ಕಟ್ಟಿ, ಬಂದಷ್ಟು ಬೆಳಕಲ್ಲೇ ತೆಗೆದೆ. ಎರಡು ದಿನದ ಕೆಲಸ, 15 ಸೆಕೆಂಡಿನ ಕ್ಲಿಪ್.

ನೂಲು ಬಿಚ್ಚುವ ಕಡೆಗೂ ಹೋದೆ. ಬಿಸಿ ನೀರಿನ ಬೇಸಿನ್‌ನಲ್ಲಿ ಗೂಡುಗಳು ತೇಲುತ್ತಿರುತ್ತವೆ. ನೂಲು ಬಿಚ್ಚುವ ಭಾಯ್ ಕಣ್ಣು ಬೇರೆ ಕಡೆ ಇಟ್ಟುಕೊಂಡೇ ಎಳೆ ಹಿಡಿಯುತ್ತಾರೆ. ಬೆರಳ ತುದಿ ನೆಂದು ನೆಂದು ಬೆಳ್ಳಗೆ ಸುಕ್ಕುಗಟ್ಟಿರುತ್ತದೆ. ನಾನು ಸೀರೆಯ ಹೊಳಪು ಹುಡುಕಿಕೊಂಡು ಹೋದವನು, ಆ ಬೆರಳು ನೋಡಿದ ಮೇಲೆ ಬೇರೆ ಏನೂ ತೆಗೆಯಲಿಲ್ಲ. ಆದರೆ ಆ ಸಲದ 11 ಕ್ಲಿಪ್ ತಿರಸ್ಕಾರವಾದವು. ತಪ್ಪು ನನ್ನದೇ. ಎಲ್‌ಇಡಿ ಬೆಳಕಲ್ಲಿ ಷಟರ್ 1/60 ಇಟ್ಟಿದ್ದೆ, ಪಟ್ಟೆ ಪಟ್ಟೆಯಾಗಿ ಮಿಣುಕುತ್ತಿತ್ತು. ನಮ್ಮ ಕರೆಂಟ್ 50 ಹರ್ಟ್ಸ್, ಅದಕ್ಕೆ ಹೊಂದುವ ಹಾಗೆ ಒಳಗೆ ತೆಗೆಯುವಾಗ ಸೆಕೆಂಡಿಗೆ 25 ಫ್ರೇಮ್, ಷಟರ್ 1/50 ಇಡಿ. ಮತ್ತೆ ಹೋದಾಗ ಭಾಯ್ ಚಹಾ ಕೊಟ್ಟು ನಕ್ಕರು.

ಒಂದು ಕೆಲಸ ಸಿಕ್ಕರೆ ಒಂದೇ ಶಾಟ್ ತೆಗೆದು ಎದ್ದು ಬರಬೇಡಿ. ದೂರದಿಂದ, ಕೈ ಮಾತ್ರ, ಉಪಕರಣ ಮಾತ್ರ, ಕೆಲಸ ಮುಗಿದ ಮೇಲಿನದು. ಒಂದರಲ್ಲಾದರೂ ಪಕ್ಕಕ್ಕೆ ಖಾಲಿ ಜಾಗ ಬಿಡಿ, ಜಾಹೀರಾತಿನವರು ಅಲ್ಲಿ ಅಕ್ಷರ ಕೂರಿಸುತ್ತಾರೆ. ಕ್ಲಿಪ್ 5ರಿಂದ 60 ಸೆಕೆಂಡ್ ಒಳಗಿರಲಿ. ಕೀವರ್ಡ್, ಅಂದರೆ ಸರ್ಚ್‌ನಲ್ಲಿ ಕ್ಲಿಪ್ ಸಿಗಲು ನಾವು ಜೊತೆಗೆ ಬರೆಯುವ ಪದ, ಅಡೋಬ್‌ನಲ್ಲಿ 49ರ ತನಕ ಹಾಕಬಹುದು. ಮುಖ್ಯವಾದ ಹತ್ತು ಮೊದಲು ಬರಲಿ.

ಮುಖ ಗುರುತು ಸಿಗುವ ಹಾಗಿದ್ದರೆ, ಜಾಹೀರಾತಿಗೆ ಮಾರಲು ಅವರ ಸಹಿ ಇರುವ ಒಪ್ಪಿಗೆ ಪತ್ರ ಬೇಕೇ ಬೇಕು. ಅಮ್ಮನ ಮುಂದೆ ಕಾಗದ ಹಿಡಿದಾಗ "ಹೆತ್ತವಳ ಹತ್ತಿರಾನೂ ಸಹಿ ಕೇಳ್ತೀಯಲ್ಲೋ" ಅಂದಳು. ಹಾಕಿದಳು, ಅದು ಬೇರೆ ಮಾತು. ಪತ್ರ ಸಿಗದ ಕಡೆ ಷಟರ್‌ಸ್ಟಾಕ್‌ನಲ್ಲಿ ಎಡಿಟೋರಿಯಲ್ ಅಂತ ಹಾಕಬಹುದು, ಸುದ್ದಿ, ಸಾಕ್ಷ್ಯಚಿತ್ರದಂಥದ್ದಕ್ಕೆ ಬಳಕೆಯಾಗುತ್ತದೆ, ಜಾಹೀರಾತಿಗೆ ಅಲ್ಲ. ಕೋಲಾರದ ಟೊಮೆಟೊ ಮಾರುಕಟ್ಟೆಯನ್ನು ನಾನು ಹಾಗೇ ಹಾಕುವುದು. ಅಲ್ಲಿ ಸಾವಿರ ಮುಖ, ಕ್ರೇಟಿನ ಮೇಲೆಲ್ಲ ಮಂಡಿ ಹೆಸರು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದಾಗ ಅದೇ ಹಣ್ಣು ರಸ್ತೆ ಬದಿಗೆ. ಎರಡನ್ನೂ ತೆಗೆದಿಡಿ, ಆ ಸುದ್ದಿ ತಿರುಗಿ ತಿರುಗಿ ಬರುತ್ತದೆ.

ಹಬ್ಬದ ಕ್ಲಿಪ್ ಹಬ್ಬದ ದಿನ ಹಾಕಿದರೆ ಕೊಳ್ಳುವವರ ಕೆಲಸ ಆಗಲೇ ಮುಗಿದಿರುತ್ತದೆ. ಹೋದ ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸಿದ್ದು ಇನ್ನೂ ನನ್ನ ಹಾರ್ಡ್‌ಡಿಸ್ಕಿನಲ್ಲಿದೆ, ಅಕ್ಟೋಬರ್‌ನಲ್ಲಿ ಹಾಕುತ್ತೇನೆ. ಐಡಿಯಾ ಬರೆಯಲು ಅಡುಗೆಮನೆ ಕ್ಯಾಲೆಂಡರೇ ಸಾಕು. ಈ ತಿಂಗಳ ಚೌಕದಲ್ಲಿ ಇರುವುದು ಇಷ್ಟು: ಡೇರಿ ಮುಂದೆ ಬೆಳಗಿನ ಹಾಲಿನ ಸಾಲು, ಕೆರೆಗೆ ಟ್ರ್ಯಾಕ್ಟರ್ ಇಳಿಸಿ ಹೂಳು ತುಂಬುವುದು, ಮಾವನ ಹೊಸ ಬೋರ್‌ವೆಲ್ ಲಾರಿ. ಕೊನೆಯದಕ್ಕೆ ಮಾವ ಒಂದು ಷರತ್ತು ಹಾಕಿದ್ದಾರೆ: ನೀರು ಬೀಳದಿದ್ದರೆ ಕ್ಯಾಮೆರಾ ಒಳಗೆ.