ಉಪ್ಸಾರಿನ ಕಾಳು, ರಾಡಿನ ತೂಕ

ತೂಕ ಎತ್ತುವವರಿಗೆ ದೇಹದ ಪ್ರತಿ ಕೆ.ಜಿ.ಗೆ ದಿನಕ್ಕೆ 1.6 ಗ್ರಾಂ ಪ್ರೊಟೀನ್ ಎಂಬುದು ನಾನು ಇಟ್ಟುಕೊಂಡಿರುವ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಸಾಮಾನ್ಯ ವಯಸ್ಕರಿಗೆ ಹೇಳಿದ್ದು 0.83 ಗ್ರಾಂ. ಅಷ್ಟು ತಿಂದರೆ ಆರೋಗ್ಯಕ್ಕೇನೂ ಕೊರತೆಯಾಗದು, ಆದರೆ ವಾರವಾರ ರಾಡಿಗೆ ಪ್ಲೇಟ್ ಏರಿಸುವವರಿಗೆ ಸಾಲದು. 65 ಕೆ.ಜಿ. ಇರುವವರಿಗೆ ಲೆಕ್ಕ 104 ಗ್ರಾಂಗೆ ಬರುತ್ತದೆ. ಮೈಸೂರು, ಮಂಡ್ಯ ಕಡೆಯ ಊಟದಲ್ಲೇ ಇದನ್ನು ಮುಟ್ಟಬಹುದು, ಡಬ್ಬಿ ಪುಡಿ ಬೇಕೇ ಬೇಕು ಅಂತಿಲ್ಲ. ಆದರೆ ತಟ್ಟೆಯಲ್ಲಿ ಹಿಟ್ಟಿಗೂ ಕಾಳಿಗೂ ಇರುವ ಅಳತೆ ಬದಲಾಗಬೇಕು.

'ಹಿಟ್ಟಂ ತಿಂದಂ ಬೆಟ್ಟವಂ ಕಿತ್ತಿಟ್ಟಂ' ಅನ್ನುತ್ತಾರೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಪ್ರೊಟೀನ್ ಮಾತ್ರ 7 ಗ್ರಾಂ. ಅಂದರೆ ಮುದ್ದೆ ಕೆಲಸಕ್ಕೆ ಬೇಕಾದ ಶಕ್ತಿ ಕೊಡುತ್ತದೆ, ಮೂಳೆಗೆ ಒಳ್ಳೆಯದು. ಸ್ನಾಯು ಕಟ್ಟುವ ಸಾಮಾನು ಪಕ್ಕದ ಕಾಳಿನಲ್ಲಿದೆ. ಪ್ರೊಟೀನ್ ಆಗುವುದು ಅಮೈನೊ ಆಮ್ಲಗಳಿಂದ. ಅವುಗಳಲ್ಲಿ ಲೈಸಿನ್ ಎಂಬುದು ರಾಗಿಯಲ್ಲಿ ಕಮ್ಮಿ, ಕಾಳಿನಲ್ಲಿ ಧಾರಾಳ. ಮೆಥಿಯೊನಿನ್ ಎಂಬ ಇನ್ನೊಂದು ಕಾಳಿನಲ್ಲಿ ಕಮ್ಮಿ, ಅದನ್ನು ರಾಗಿ ತುಂಬುತ್ತದೆ. ಎರಡೂ ಸೇರಿದಾಗಲೇ ಊಟ ಪೂರ್ತಿಯಾಗುವುದು.

ಇಲ್ಲೇ ನಮ್ಮ ಕಡೆ ಹೆಚ್ಚಿನವರ ಲೆಕ್ಕ ತಪ್ಪುವುದು. ಉಪ್ಸಾರು ಮಾಡುವಾಗ ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿಯುತ್ತೇವೆ. ಕಟ್ಟಿಗೆ ಖಾರ ಕಲಸಿಕೊಂಡು ಮುದ್ದೆ ನುಂಗುತ್ತೇವೆ. ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡಿ, ತಟ್ಟೆಯ ಮೂಲೆಯಲ್ಲಿ ಎರಡು ಚಮಚ ಹಾಕಿಕೊಳ್ಳುತ್ತೇವೆ. ಬಸ್ಸಾರಿನದೂ, ಹುರುಳಿಕಟ್ಟಿನ ಸಾರಿನದೂ ಇದೇ ಕಥೆ. ಕಟ್ಟಿಗೆ ಇಳಿಯುವುದು ರುಚಿ, ಉಪ್ಪು, ಕರಗುವ ಒಂದಿಷ್ಟು ಜೀವಸತ್ವ. ಪ್ರೊಟೀನಿನ ಬಹುಪಾಲು ಕಾಳಿನಲ್ಲೇ ಉಳಿದಿರುತ್ತದೆ. ಹಾಗಾಗಿ ಪಲ್ಯದ ಪಾಲು ಮುದ್ದೆಯ ಅರ್ಧದಷ್ಟಾದರೂ ಇರಲಿ. ಒಬ್ಬರಿಗೆ ಒಂದು ಹೊತ್ತಿಗೆ ನೆನೆಸುವ ಮೊದಲಿನ ತೂಕದಲ್ಲಿ 60 ಗ್ರಾಂ ಕಾಳು, ಬೆಂದ ಮೇಲೆ ಸುಮಾರು 150 ಗ್ರಾಂ. ಹುರುಳಿಯಾದರೆ ಅದರಲ್ಲಿ 13 ಗ್ರಾಂ ಪ್ರೊಟೀನ್. ಹೆಸರುಕಾಳು, ಅಲಸಂದೆಯಲ್ಲೂ ಹತ್ತಿರಹತ್ತಿರ ಅಷ್ಟೇ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ, ಮನೆಯ ಯಾವ ಲೋಟಕ್ಕೆ ಎಷ್ಟು ಬರುತ್ತದೆ ಅಂತ ನೋಡಿಟ್ಟುಕೊಂಡರೆ ಆಮೇಲೆ ದಿನಾ ತೂಗುವ ಕೆಲಸವಿಲ್ಲ.

ಹುರುಳಿಯನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಕುಕ್ಕರಿನಲ್ಲಿ ನಾಲ್ಕೈದು ಕೂಗು ಕೂಗಿಸಿದರೆ ಹೊಟ್ಟೆಗೆ ಹಗುರ. ಅಭ್ಯಾಸ ಇಲ್ಲದವರು ಮೊದಲ ದಿನವೇ 60 ಗ್ರಾಂ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, 'ಕಾಳು ನಂಗೆ ಆಗಿಬರಲ್ಲ' ಎಂದು ಕೈಬಿಡುತ್ತಾರೆ. 25 ಗ್ರಾಂನಿಂದ ಶುರು ಮಾಡಿ ಎರಡು ಮೂರು ವಾರದಲ್ಲಿ ಏರಿಸಿ. ಇಂಗು, ಜೀರಿಗೆ, ಬೆಳ್ಳುಳ್ಳಿ ಒಗ್ಗರಣೆಯಲ್ಲಿರಲಿ. ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಕಾಳು, ಸೊಪ್ಪಿನ ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟ ಮುಗಿದ ಕೂಡಲೇ ಕಾಫಿ, ಟೀ ಕುಡಿದರೆ ಆ ಲಾಭ ಕಮ್ಮಿಯಾಗುತ್ತದೆ, ಒಂದು ಗಂಟೆ ಬಿಡಿ.

104 ಗ್ರಾಂ ಪ್ರೊಟೀನ್ ಹೀಗೆ ಕೂಡುತ್ತದೆ. ಬೆಳಿಗ್ಗೆ ಮೂರು ಮೊಟ್ಟೆ, ಎರಡು ದೋಸೆ ಸೇರಿ 24. ಮಧ್ಯಾಹ್ನ 100 ಗ್ರಾಂ ಹಿಟ್ಟಿನ ಮುದ್ದೆ, 60 ಗ್ರಾಂ ಕಾಳು, ಒಂದು ಬಟ್ಟಲು ಅಂದರೆ 200 ಗ್ರಾಂ ಮೊಸರು, ಒಟ್ಟು 26. ಸಂಜೆ 40 ಗ್ರಾಂ ಹುರಿದ ಕಡಲೆಕಾಯಿ ಬೀಜ 10. ರಾತ್ರಿ 80 ಗ್ರಾಂ ಅಕ್ಕಿಯ ಅನ್ನಕ್ಕೆ 150 ಗ್ರಾಂ (ಹಸಿ ತೂಕ) ಕೋಳಿ ಸಾರು 38. ಮಲಗುವ ಮುಂಚೆ 250 ಮಿ.ಲೀ. ಹಾಲು 8. ಕೂಡಿದರೆ 106. ಶ್ರಾವಣದಲ್ಲಿ, ಕಾರ್ತಿಕದಲ್ಲಿ ಬಾಡು ಬಿಡುವ ಮನೆಗಳಲ್ಲಿ ಕೋಳಿಯ ಬದಲು 50 ಗ್ರಾಂ ಸೋಯಾ ಚಂಕ್ಸ್ ಸಾರಿಗೆ ಹಾಕಿದರೆ ದಿನದ ಮೊತ್ತ 100ರ ಆಸುಪಾಸು ನಿಲ್ಲುತ್ತದೆ. ಮೊಟ್ಟೆಯೂ ಬಿಟ್ಟರೆ ಬೆಳಿಗ್ಗೆ 60 ಗ್ರಾಂ ಹೆಸರುಕಾಳಿನ ಪೆಸರಟ್ಟು, ಅದರ ಜೊತೆ ಒಂದಿಷ್ಟು ಪನೀರ್ ಬೇಕು. ಮೂತ್ರಪಿಂಡದ ತೊಂದರೆ ಇರುವವರು ಈ ಲೆಕ್ಕವನ್ನು ವೈದ್ಯರಿಗೆ ತೋರಿಸದೆ ಹಿಡಿಯಬಾರದು.

ಕಡಲೆಕಾಯಿ ಬೀಜದ ಬಗ್ಗೆ ಒಂದು ಮಾತು. 40 ಗ್ರಾಂನಲ್ಲಿ 220ಕ್ಕೂ ಹೆಚ್ಚು ಕ್ಯಾಲೊರಿ ಇದೆ. ಟಿವಿ ನೋಡುತ್ತಾ ಪೊಟ್ಟಣದಿಂದ ತಿಂದರೆ 100 ಗ್ರಾಂ ದಾಟುವುದು ಗೊತ್ತೇ ಆಗುವುದಿಲ್ಲ. ಬಟ್ಟಲಿಗೆ ಅಳೆದು ಹಾಕಿಕೊಳ್ಳಿ. ಮಂಡ್ಯದ ಬೆಲ್ಲವೂ, ಕಸರತ್ತಿನ ನಂತರ ಕುಡಿಯುವ ಕಬ್ಬಿನ ಹಾಲೂ ಕಡೆಗೆ ಸಕ್ಕರೆಯೇ. ಅಪರೂಪಕ್ಕೆ ಸರಿ, ದಿನಾ ಕುಡಿದರೆ ಸೊಂಟದ ಅಳತೆಯಲ್ಲಿ ಕಾಣುತ್ತದೆ.

ಇನ್ನು ಜಿಮ್. ಮೈಸೂರಿನ ಬಡಾವಣೆಗಳ ಜಿಮ್‌ಗಳಲ್ಲಿ ರಾಡ್‌ಗಳು ಎಲ್ಲಾ ಒಂದೇ ತೂಕದವಲ್ಲ. ಅಳತೆಗೆ ಸರಿಯಾದ ಉದ್ದ ರಾಡ್ 20 ಕೆ.ಜಿ., ಗಿಡ್ಡ ರಾಡ್ ಅದರ ಅರ್ಧವೂ ಇರಬಹುದು. ತೂಕದ ಯಂತ್ರದ ಮೇಲೆ ರಾಡ್ ಹಿಡಿದು ನಿಂತು, ನಿಮ್ಮ ತೂಕ ಕಳೆದು ಬರೆದಿಟ್ಟುಕೊಳ್ಳಿ. ಪ್ಲೇಟ್ ಮೇಲೆ 10 ಅಂತ ಬರೆದಿದ್ದರೂ ಹೆಚ್ಚುಕಮ್ಮಿ ಇರುತ್ತದೆ, ಆದಷ್ಟೂ ಅದೇ ರಾಡ್, ಅದೇ ಪ್ಲೇಟ್ ಬಳಸಿ. ಇಲ್ಲದಿದ್ದರೆ ಬಲ ಏರಿತೋ, ರಾಡ್ ಬದಲಾಯಿತೋ ತಿಳಿಯುವುದಿಲ್ಲ.

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಒಂದು ದಿನ ಸ್ಕ್ವಾಟ್ (ಹೆಗಲ ಮೇಲೆ ರಾಡ್ ಇಟ್ಟು ಕೂತೇಳುವುದು), ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ರಾಡ್ ಮೇಲೆ ತಳ್ಳುವುದು), ಬಗ್ಗಿ ಎಳೆಯುವ ರೋ. ಮುಂದಿನ ಸಲ ಡೆಡ್‌ಲಿಫ್ಟ್ (ನೆಲದಿಂದ ರಾಡ್ ಎತ್ತಿ ನೆಟ್ಟಗೆ ನಿಲ್ಲುವುದು), ಓವರ್‌ಹೆಡ್ ಪ್ರೆಸ್ (ಭುಜದಿಂದ ತಲೆಯ ಮೇಲಕ್ಕೆ ರಾಡ್ ತಳ್ಳುವುದು), ಪುಲ್‌ಅಪ್ (ಕಂಬಿಗೆ ಜೋತುಬಿದ್ದು ಮೈ ಮೇಲೆಳೆಯುವುದು). ಇವೆರಡೇ ಸರದಿಯಲ್ಲಿ ಬರುತ್ತಿರಲಿ. ಖಾಲಿ ರಾಡ್‌ನಲ್ಲಿ 10 ರೆಪ್ಸ್ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್), ಅವತ್ತಿನ ತೂಕದ ಅರ್ಧದಲ್ಲಿ 5, ಮುಕ್ಕಾಲರಲ್ಲಿ 3, ಆಮೇಲೆ ಅಸಲಿ ಸೆಟ್ (ನಡುವೆ ನಿಲ್ಲದೆ ಮಾಡುವ ಒಂದು ಕಂತು) ಮೂರು, ಐದೈದು ರೆಪ್ಸ್. ಡೆಡ್‌ಲಿಫ್ಟ್ ಒಂದೇ ಸೆಟ್ ಸಾಕು. ಸೆಟ್‌ಗಳ ನಡುವೆ ಮೂರು ನಿಮಿಷ ಕೂರಿ. ಬೆವರು ಸುರಿಯಬೇಕು ಅಂತ ಅರ್ಧ ನಿಮಿಷಕ್ಕೇ ಎದ್ದರೆ ಕಟ್ಟಕಡೆಯ ಸೆಟ್‌ನಲ್ಲಿ ಸೋಲುವುದು ಸ್ನಾಯುವಲ್ಲ, ಉಸಿರು.

ಸ್ಕ್ವಾಟ್, ಡೆಡ್‌ಲಿಫ್ಟ್‌ಗೆ ಶುರುವಿನ ತಿಂಗಳುಗಳಲ್ಲಿ ಪ್ರತಿ ಸಲ 2.5 ಕೆ.ಜಿ. ಏರಿಸಬಹುದು. ತೊಡಕು ಪ್ಲೇಟ್‌ನದು. ಹಲವು ಜಿಮ್‌ಗಳಲ್ಲಿ ಇರುವ ಅತಿ ಚಿಕ್ಕ ಪ್ಲೇಟ್ 2.5, ಎರಡೂ ಕಡೆಗೆ ಹಾಕಿದರೆ 5 ಕೆ.ಜಿ. ಓವರ್‌ಹೆಡ್ ಪ್ರೆಸ್‌ನಲ್ಲಿ 30ರಿಂದ 35ಕ್ಕೆ ಹೋದರೆ ಒಂದೇ ಏಟಿಗೆ ಆರನೇ ಒಂದು ಭಾಗ ಹೆಚ್ಚಿದಂತೆ, ಭುಜ ಅಲ್ಲೇ ನಿಂತುಬಿಡುತ್ತದೆ. ಸ್ವಂತಕ್ಕೆ ಒಂದು ಜೊತೆ 1.25ರ ಪ್ಲೇಟ್ ಕೊಂಡು ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಈ ಖರ್ಚಿನಷ್ಟು ಫಲ ಕೊಡುವ ಖರ್ಚು ಜಿಮ್‌ನಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಿಗದಿದ್ದರೆ 30ರಲ್ಲೇ ಐದೈದನ್ನು ನಿಧಾನವಾಗಿ ಎಂಟೆಂಟಕ್ಕೆ ತಂದು ಆಮೇಲೆ 35 ಹಿಡಿಯಿರಿ. ಒಂದೇ ತೂಕದಲ್ಲಿ ಎರಡು ಸಲ ಸೋತರೆ ಹತ್ತನೇ ಒಂದು ಭಾಗ ಇಳಿಸಿ ಮತ್ತೆ ಏರಿ ಬನ್ನಿ.

ಗರಡಿಮನೆಯಲ್ಲಿ ಸಾಮು ಮಾಡಿದವರ ತೊಡೆ, ಭುಜ ಎರಡೂ ಗಟ್ಟಿ. ಆದರೆ ಬಸ್ಕಿ ಹೊಡೆಯುವಾಗ ಹಿಮ್ಮಡಿ ಎದ್ದು ಭಾರ ಮುಂಗಾಲಿಗೆ ಬರುತ್ತದೆ. ಅದು ಬಸ್ಕಿಯ ಸರಿಯಾದ ಕ್ರಮವೇ. ಅದೇ ರೂಢಿಯಲ್ಲಿ ಹೆಗಲ ಮೇಲೆ ರಾಡ್ ಇಟ್ಟು ಕೂತರೆ ಮೈ ಮುಂದಕ್ಕೆ ವಾಲಿ, ನಡ ಹಿಡಿಯುತ್ತದೆ. ಸ್ಕ್ವಾಟ್‌ನಲ್ಲಿ ಹಿಮ್ಮಡಿ ನೆಲ ಬಿಡಬಾರದು. ಮೆತ್ತನೆ ಅಟ್ಟೆಯ ಓಡುವ ಶೂ ಬಿಚ್ಚಿ, ಚಪ್ಪಟೆ ಅಟ್ಟೆಯದು ಹಾಕಿ. ಕೆಳಗಿಳಿಯುವ ಮೊದಲು ಹೊಟ್ಟೆ ತುಂಬ ಉಸಿರೆಳೆದು ಬಿಗಿ ಹಿಡಿದು, ತೊಡೆಸಂದು ಮಂಡಿಗಿಂತ ಕೆಳಗೆ ಬರುವವರೆಗೆ ಇಳಿದು, ಎದ್ದು ಅರ್ಧ ದಾಟಿದ ಮೇಲೆ ಉಸಿರು ಬಿಡಿ. ರಕ್ತದೊತ್ತಡ ಇರುವವರು ಹೀಗೆ ಉಸಿರು ಕಟ್ಟುವ ಮುಂಚೆ ವೈದ್ಯರನ್ನು ಕೇಳಬೇಕು.

ಡೆಡ್‌ಲಿಫ್ಟ್‌ನಲ್ಲಿ ಬೇರೆ ತೊಡಕು. ದೊಡ್ಡ ಪ್ಲೇಟ್‌ನ ವ್ಯಾಸ 45 ಸೆಂ.ಮೀ., ಹಾಗಾಗಿ ರಾಡ್ ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿರುತ್ತದೆ. ಚಿಕ್ಕ 10ರ ಪ್ಲೇಟ್ ಹಾಕಿದರೆ ರಾಡ್ ತೀರಾ ಕೆಳಗೆ ಹೋಗುತ್ತದೆ, ಅದನ್ನು ಹಿಡಿಯಲು ಬಗ್ಗಿದಾಗ ಬೆನ್ನು ಗೂನಾಗುತ್ತದೆ. ಎರಡೂ ಬದಿಗೆ ಮರದ ಹಲಗೆಯನ್ನೋ ಮಲಗಿಸಿದ ಪ್ಲೇಟ್‌ಗಳನ್ನೋ ಇಟ್ಟು ಆ ಎತ್ತರಕ್ಕೆ ತನ್ನಿ.

ನೋಟ್‌ಬುಕ್‌ನಲ್ಲಿ ತಾರೀಖು, ರಾಡ್ ಸೇರಿಸಿ ತೂಕ, ಪ್ರತಿ ಸೆಟ್‌ನ ರೆಪ್ಸ್, ಇನ್ನೆಷ್ಟು ಎತ್ತಬಹುದಿತ್ತು ಎಂಬ ಅಂದಾಜು, ಇಷ್ಟು ಬರೆಯಿರಿ. ಬೆಂಚ್ ಪ್ರೆಸ್ ಹೊಡೆಯುವಾಗ ಹಿಂದೆ ನಿಂತ ಗೆಳೆಯ 'ಹೊಡಿ ಗುರು, ಇನ್ನೊಂದು' ಅಂತ ರಾಡ್ ಎಳೆದುಕೊಟ್ಟರೆ ಆ ರೆಪ್ ಬರೆಯಬೇಡಿ. ಅವನ ಎರಡು ಬೆರಳು ಎಷ್ಟು ಕೆ.ಜಿ. ಹೊತ್ತವು ಅಂತ ಯಾರಿಗೂ ಗೊತ್ತಿರುವುದಿಲ್ಲ, ಮುಂದಿನ ವಾರದ ತೂಕ ಅಲ್ಲೇ ತಪ್ಪುತ್ತದೆ. ವಾರಕ್ಕೊಮ್ಮೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ದೇಹದ ತೂಕ, ಹೊಕ್ಕುಳಿನ ಮಟ್ಟದಲ್ಲಿ ಸೊಂಟದ ಸುತ್ತಳತೆ. ತಿಂಗಳಿಗೆ ಅರ್ಧದಿಂದ ಒಂದು ಕೆ.ಜಿ. ಏರಿ ಸೊಂಟ ಹಾಗೇ ಇದ್ದರೆ ಊಟ ಸರಿಯಿದೆ. ಸೊಂಟವೂ ಏರುತ್ತಿದ್ದರೆ ಕಾಳಿಗೆ ಕೈ ಹಾಕಬೇಡಿ, ಅನ್ನ ಮತ್ತು ಒಗ್ಗರಣೆಯ ಎಣ್ಣೆ ಇಳಿಸಿ. ತೂಕ ಏರದೆ ರಾಡೂ ನಿಂತಿದ್ದರೆ ಮಧ್ಯಾಹ್ನದ ಮುದ್ದೆಗೆ 30 ಗ್ರಾಂ ಹಿಟ್ಟು ಹೆಚ್ಚಿಸಿ.

ಮುದ್ದೆ ಉಂಡು ಎರಡೂವರೆ ಮೂರು ಗಂಟೆ ಬಿಟ್ಟು ಜಿಮ್‌ಗೆ ಹೋಗಿ. ಬೇಗ ಹೋಗಬೇಕಾದ ದಿನ ಎರಡು ಏಲಕ್ಕಿ ಬಾಳೆಹಣ್ಣು ಸಾಕು. ಗದ್ದೆಯಲ್ಲಿ ನಾಟಿ, ಕಬ್ಬು ಕಡಿಯುವ ಕೆಲಸ ಇರುವ ವಾರಗಳಲ್ಲಿ ಮೂರು ದಿನವನ್ನು ಎರಡಕ್ಕಿಳಿಸಿ, ತೂಕ ಏರಿಸದೆ ಇದ್ದಷ್ಟನ್ನೇ ಎತ್ತಿ. ಸೊಂಟಕ್ಕೆ ಹೊಲದಲ್ಲೇ ಬೇಕಾದಷ್ಟು ಕೆಲಸ ಆಗಿರುತ್ತದೆ. ದಸರಾಕ್ಕೋ, ಯುಗಾದಿ ಹೊಸತೊಡಕಿಗೋ ವಾರ ಹತ್ತು ದಿನ ತಪ್ಪಿದರೆ ಬಿಟ್ಟಲ್ಲಿಂದ ಹಿಡಿಯದೆ ಹತ್ತನೇ ಒಂದು ಭಾಗ ಕಮ್ಮಿ ಹಾಕಿ ಶುರು ಮಾಡಿ. ಸ್ಕ್ವಾಟ್ 80ರಲ್ಲಿ ನಿಂತಿದ್ದರೆ 72.5, ಮುಂದಿನ ಸಲ 75, ಅದರ ಮುಂದಿನದು 77.5.